ಅಜ್ಜನ ಕಾಲದ ಚಕಮಕಿ ಕೋವಿಯ ಕಲ್ಲು ಮೊಂಡಾಗಿದೆ: ಹರಿತ ಮಾಡುವ ಕ್ರಮ ಬಲ್ಲವರು ತಿಳಿಸಬೇಕು

ತೋಟದಂಚು, ಶಿರಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜನಿಂದ ಬಂದ ಒಂದು ಒಂಟಿನಳಿಗೆಯ ಕೋವಿ ಇದೆ. ಊರಿನ ಉಳಿದ ಮನೆಗಳಲ್ಲಿ ಇರುವುದು ಕೇಪಿನ ಕೋವಿ, ಏಟಿಗೆ ಸಿಡಿಯುವ ಮದ್ದಿನ ಪುಟ್ಟ ತಾಮ್ರದ ಟೋಪಿಯಿಂದ ಹೊತ್ತುವಂಥದ್ದು. ನಮ್ಮದು ಅದಕ್ಕಿಂತ ಹಿಂದಿನ ಮಾದರಿ, ಕುದುರೆಯ, ಅಂದರೆ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬಡಿಯುವ ಸುತ್ತಿಗೆಯಂಥ ಭಾಗದ, ಬಾಯಲ್ಲಿ ಚಕಮಕಿ ಕಲ್ಲನ್ನು ಕಚ್ಚಿಸಿರುವಂಥದ್ದು. ಲೈಸೆನ್ಸ್ ಅಪ್ಪಯ್ಯನ ಹೆಸರಿನಲ್ಲಿದೆ. ಅದರಿಂದ ಈಡು ಹೊಡೆದು ಎಷ್ಟೋ ವರ್ಷಗಳಾಗಿವೆ. ನಳಿಗೆಯ ಒಳಮೈಯನ್ನು ತುಕ್ಕು ತಿಂದಿರುವುದರಿಂದ ಇನ್ನು ಮದ್ದು ತುಂಬುವ ಮಾತೇ ಇಲ್ಲ. ಆದರೆ ಅಜ್ಜ ಇದ್ದಾಗ ಪ್ರತಿ ವರ್ಷ ಆಯುಧಪೂಜೆಯ ದಿನ ಹಾರೆ, ಕತ್ತಿ, ಮೆಟ್ಟುಗತ್ತಿಗಳ ಸಾಲಿನಲ್ಲಿ ಇದನ್ನೂ ಇಟ್ಟು ಪೂಜೆ ಮಾಡಿ, ರಾತ್ರಿ ಜಗಲಿಯ ದೀಪ ಆರಿಸಿ, ಖಾಲಿ ಕೋವಿಯ ಕುದುರೆಯನ್ನು ಬಿಟ್ಟು ಮಕ್ಕಳಾದ ನಮಗೆ ಕಿಡಿ ತೋರಿಸುತ್ತಿದ್ದರು. ಒಂದೇ ಏಟಿಗೆ ಹೂಬತ್ತಿ ಹಚ್ಚಿದಂತೆ ಕಿಡಿಗಳ ಗೊಂಚಲು ಸುರಿಯುತ್ತಿತ್ತು.

ಈ ನವರಾತ್ರಿಗೆ ನನ್ನ ಮಕ್ಕಳಿಗೂ ಅದನ್ನು ತೋರಿಸಬೇಕೆಂಬ ಆಸೆಯಿಂದ ಅಟ್ಟದಿಂದ ಇಳಿಸಿ ನೋಡಿದರೆ ಕಲ್ಲು ಪೂರ್ತಿ ಮೊಂಡಾಗಿತ್ತು. ಕತ್ತಿ ಮಸೆಯುವ ಕಲ್ಲಿನ ಮೇಲೆ ನೀರು ಹಾಕಿಕೊಂಡು ಅರ್ಧ ದಿನ ತಿಕ್ಕಿದೆ. ಅಂಚು ನುಣ್ಣಗೆ ಹೊಳೆಯುವಂತಾಯಿತು, ಬೆರಳಿಗೂ ಹರಿತವೆನಿಸಿತು, ಆದರೆ ಕುದುರೆ ಬಿಟ್ಟರೆ ಟಪ್ಪೆಂಬ ಸದ್ದು ಬಿಟ್ಟು ಒಂದೇ ಒಂದು ಕಿಡಿ ಬರಲಿಲ್ಲ. ನಾನು ತಪ್ಪುತ್ತಿರುವುದು ಎಲ್ಲಿ?

ಮೆಟ್ಟುಗತ್ತಿ, ಸಿದ್ದಾಪುರ:

ಕೈಯಲ್ಲಿ ತಿಕ್ಕಿದರೆ ಆ ಕಲ್ಲು ಎಲ್ಲಿ ಸವೆಯುತ್ತದೆ? ಟೈಲ್ಸ್ ಕೊಯ್ಯುವ ಡೈಮಂಡ್ ಚಕ್ರಕ್ಕೆ ಹಿಡಿಯಿರಿ, ಎರಡು ನಿಮಿಷದಲ್ಲಿ ಬ್ಲೇಡಿನಂಥ ಅಂಚು ಬರುತ್ತದೆ. ನಮ್ಮ ಮನೆಯ ಮೆಟ್ಟುಗತ್ತಿಗಳನ್ನೆಲ್ಲ ನಾನು ಈಗ ಯಂತ್ರದಲ್ಲೇ ಹರಿತ ಮಾಡಿಸುವುದು.

ಕಾಳಿ ದಂಡೆ, ಕಾರವಾರ:

ಮೆಟ್ಟುಗತ್ತಿಯವರು ಬೇಸರಿಸಬಾರದು, ಅವರ ಸಲಹೆ ಕತ್ತಿಗೆ ಸರಿ, ಚಕಮಕಿಗೆ ತಪ್ಪು. ತೋಟದಂಚಿನವರ ಅರ್ಧ ದಿನ ವ್ಯರ್ಥವಾದದ್ದೂ ಇದೇ ಕಾರಣದಿಂದ. ಉದ್ಯೋಗದ ನಿಮಿತ್ತ ಕೆಲವು ವರ್ಷ ಅಮೆರಿಕದಲ್ಲಿದ್ದಾಗ ಹಳೆಯ ಮಾದರಿಯ ಕೋವಿಗಳ ಗುರಿಕೂಟವೊಂದಕ್ಕೆ ನಾನು ಹೋಗುತ್ತಿದ್ದೆ. ಅಲ್ಲಿ ಮೊದಲ ತಿಂಗಳು ನಾನೂ ನಿಮ್ಮಂತೆಯೇ ಕಲ್ಲನ್ನು ಮಸೆದು ಮಸೆದು ಹಾಳು ಮಾಡಿದವನು.

ಕತ್ತಿಯನ್ನು ಮಸೆಯುವಾಗ ಕಲ್ಲು ಉಕ್ಕನ್ನು ಸವೆಸುತ್ತದೆ, ಉಕ್ಕು ಹರಿತವಾಗುತ್ತದೆ. ಚಕಮಕಿ ಕೋವಿಯಲ್ಲಿ ಕಲ್ಲೇ ಕತ್ತಿ. ಕುದುರೆ ಮುಂದಕ್ಕೆ ಬೀಳುವಾಗ ಕಲ್ಲಿನ ಅಂಚು ಎದುರಿಗೆ, ಮದ್ದು ಇಡುವ ಪುಟ್ಟ ಬಟ್ಟಲನ್ನು ಮುಚ್ಚಿಕೊಂಡು ನಿಂತಿರುವ ಉಕ್ಕಿನ ಮುಚ್ಚಳದ ಮುಖವನ್ನು ಮೇಲಿನಿಂದ ಕೆಳಕ್ಕೆ ಹೆರೆದುಕೊಂಡು ಹೋಗುತ್ತದೆ, ಹೆರೆಮಣೆಯಲ್ಲಿ ಕಾಯಿ ಹೆರೆದ ಹಾಗೆ. ಹೆರೆದು ಬಂದ ಉಕ್ಕಿನ ಕಣಗಳು ಆ ಉಜ್ಜಾಟದ ಶಾಖಕ್ಕೆ ಕಾದು, ಗಾಳಿ ತಗಲಿದೊಡನೆ ಹೊತ್ತಿ ಉರಿಯುತ್ತವೆ. ಕಿಡಿ ಕಲ್ಲಿನಿಂದ ಬರುತ್ತದೆ ಎಂದು ನಾವೆಲ್ಲ ಚಿಕ್ಕಂದಿನಿಂದ ತಿಳಿದಿದ್ದೇವೆ, ಆದರೆ ಉರಿಯುವುದು ಉಕ್ಕು. 1665ರಷ್ಟು ಹಿಂದೆಯೇ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ, ಬಿದ್ದ ಕಿಡಿಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿ, ಅವು ಕರಗಿ ಗುಂಡಗಾದ ಉಕ್ಕಿನ ಹನಿಗಳೆಂದು ಬರೆದಿಟ್ಟಿದ್ದಾನೆ.

ಉಕ್ಕನ್ನು ಹೆರೆಯಬೇಕಾದರೆ ಅಂಚು ಒಡೆದ ಅಂಚಾಗಿರಬೇಕು, ಉಜ್ಜಿದ ಅಂಚಲ್ಲ. ಚಕಮಕಿ ಕಲ್ಲು ಗಾಜಿನಂತೆ ಚಿಪ್ಪು ಚಿಪ್ಪಾಗಿ ಒಡೆಯುತ್ತದೆ. ಹೊಸದಾಗಿ ಚಿಪ್ಪು ಎದ್ದ ಜಾಗದಲ್ಲಿ ಸಿಗುವ ಹರಿತ ಯಾವ ಸಾಣೆಯಲ್ಲಿಯೂ ಸಿಗುವುದಿಲ್ಲ. ಉಜ್ಜಿದ ಅಂಚು ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ಉಕ್ಕಿನ ಮೇಲೆ ಜಾರುತ್ತದೆ. ನಮ್ಮ ಮನೆಗಳಲ್ಲಿ ಒರಳುಕಲ್ಲು, ಬೀಸುಕಲ್ಲು ನುಣುಪಾದಾಗ ಯಾರೂ ಅದನ್ನು ತಿಕ್ಕುತ್ತಿರಲಿಲ್ಲ. ಕಲ್ಲುಕುಟಿಗರನ್ನು ಕರೆಸಿ ಉಳಿಯಿಂದ ಮತ್ತೆ ತರಿ ಎಬ್ಬಿಸುತ್ತಿದ್ದರು. ಚಕಮಕಿಯ ಕೆಲಸವೂ ಆ ಜಾತಿಯದು.

ವಿಧಾನ ಹೀಗಿದೆ. ವಿದ್ಯುತ್ ಸಾಮಗ್ರಿಯ ಅಂಗಡಿಯಲ್ಲಿ ಅರ್ಥಿಂಗ್‌ಗೆಂದು ಮಾರುವ 8 ನಂಬರಿನ ತಾಮ್ರದ ತಂತಿ ಸಿಗುತ್ತದೆ, ಸುಮಾರು 4 ಮಿಲಿಮೀಟರ್ ದಪ್ಪದ್ದು. ಅದರ ಗೇಣುದ್ದದ ತುಂಡನ್ನು ಮರದ ಹಿಡಿಗೆ ಸಿಕ್ಕಿಸಿ, ತುದಿಯನ್ನು ಸ್ವಲ್ಪ ಚೂಪು ಮಾಡಿಕೊಳ್ಳಿ. ಕಬ್ಬಿಣದ ಮೊಳೆ ಬೇಡ. ಅದು ಜಾರುತ್ತದೆ, ಅಂಚನ್ನು ಪುಡಿ ಮಾಡುತ್ತದೆ. ತಾಮ್ರ ಮೆತ್ತಗಿರುವುದರಿಂದ ಕಲ್ಲಿನ ಅಂಚು ಅದರೊಳಕ್ಕೆ ತುಸು ಕಚ್ಚಿಕೊಂಡು ನಿಲ್ಲುತ್ತದೆ. ಕಲ್ಲನ್ನು ಕೋವಿಯಿಂದ ಬಿಚ್ಚಿ, ಅಂಗೈಯಲ್ಲಿ ದಪ್ಪ ಚರ್ಮದ ತುಂಡಿಟ್ಟುಕೊಂಡು ಅದರ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿಯಿರಿ. ತಾಮ್ರದ ತುದಿಯನ್ನು ಅಂಚಿನ ಮೇಲಿಟ್ಟು ಮೊದಲು ಕಲ್ಲಿನ ಒಳಮೈಯ ಕಡೆಗೆ ಬಲವಾಗಿ ಒತ್ತಿ, ಆ ಒತ್ತಡವನ್ನು ಬಿಡದೆ ಕೆಳಕ್ಕೆ ಬಾಗಿಸಿ. ಕಟ್ಟೆಂದು ಸಣ್ಣ ಸದ್ದಾಗಿ ಅಡಿಯ ಮೈಯಿಂದ ಚಿಕ್ಕ ಚಕ್ಕೆಯೊಂದು ಎದ್ದು ಬರುತ್ತದೆ. ಅಲ್ಲಿಂದ ಎರಡು ಮೂರು ಮಿಲಿಮೀಟರ್ ಸರಿದು ಮತ್ತೆ ಹಾಗೆಯೇ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಹೊಸ ಅಂಚು ಸಿದ್ಧವಾಗಿರುತ್ತದೆ.

ಅಂಚು ತೀರ ತೆಳುವಾಗಿದ್ದರೆ ತಾಮ್ರಕ್ಕೆ ಹಿಡಿತ ಸಿಗದೆ ಬರಿಯ ಪುಡಿ ಉದುರುತ್ತದೆ. ಆಗ, ಮೇಲೆ ಹೇಳಿದ್ದಕ್ಕೆ ವಿರೋಧವೆಂದು ತೋರಿದರೂ, ಅಂಚನ್ನು ಮಸೆಗಲ್ಲಿಗೆ ಒಂದೆರಡು ಸಲ ಅಡ್ಡಡ್ಡ ತಿಕ್ಕಿ ಬೇಕೆಂದೇ ಸ್ವಲ್ಪ ಮೊಂಡು ಮಾಡಿಕೊಳ್ಳಬೇಕು. ಆ ಮೊಂಡು ಪಟ್ಟಿಯೇ ಒತ್ತುವುದಕ್ಕೆ ನೆಲೆ. ನೀವು ಅರ್ಧ ದಿನ ತಿಕ್ಕಿದ್ದರಿಂದ ಆ ಕೆಲಸ ಹೇಗೂ ಆಗಿದೆಯೆಂದು ಭಾವಿಸೋಣ.

ತೋಟದಂಚು, ಶಿರಸಿ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾಳಿ ದಂಡೆಯವರಿಗೆ ಋಣಿ. ಕಿಡಿ ಉಕ್ಕಿನದು ಎಂಬ ಮಾತು ಓದಿದೊಡನೆ ಒಂದು ಸಂಗತಿ ಹೊಳೆಯಿತು. ಕಳೆದ ಚುನಾವಣೆಯ ಹೊತ್ತಿಗೆ ಎಲ್ಲರಂತೆ ನಾವೂ ಕೋವಿಯನ್ನು ಠಾಣೆಗೆ ಒಪ್ಪಿಸಿ, ಮರಳಿ ತಂದ ಮೇಲೆ, ಮಳೆಗಾಲದಲ್ಲಿ ತುಕ್ಕು ಹಿಡಿಯಬಾರದೆಂದು ಅಡಿಯಿಂದ ಮುಡಿಯವರೆಗೆ ತೆಂಗಿನೆಣ್ಣೆ ಬಳಿದಿದ್ದೆವು. ಈಗ ನೋಡಿದರೆ ಆ ಉಕ್ಕಿನ ಮುಖದ ಮೇಲೆ ಎಣ್ಣೆ ಗಟ್ಟಿಯಾಗಿ ಅಂಟಿನಂತಾಗಿದೆ; ಮೇಲೆ ಹಳೆಯ ಪೂಜೆಯ ಕುಂಕುಮ ಬೇರೆ. ಇದೂ ಕಿಡಿಗೆ ಅಡ್ಡಿಯೇ? ಇನ್ನೊಂದು ಪ್ರಶ್ನೆ: ನಮ್ಮಲ್ಲಿರುವ ಕಲ್ಲು ತೀರ ಗಿಡ್ಡವಾಗಿದೆ. ಹೊಸ ಕಲ್ಲು ಇಲ್ಲಿಯೇ ಹೊಳೆಯಂಚಿನಲ್ಲೋ ಗುಡ್ಡದಲ್ಲೋ ಸಿಗಬಹುದೇ?

ಕಾಳಿ ದಂಡೆ, ಕಾರವಾರ:

ಅಡ್ಡಿಯೇ. ಉಕ್ಕಿನ ಮುಖ ಮತ್ತು ಕಲ್ಲಿನ ಅಂಚು, ಈ ಎರಡಕ್ಕೆ ಎಣ್ಣೆಯ ಸೋಂಕೂ ಇರಬಾರದು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಎರಡನ್ನೂ ಒರೆಸಿ, ಒಣಗಿದ ಮೇಲೆ ಬೆರಳಿನಿಂದ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಎಣ್ಣೆ ಬಳಿಯದಿದ್ದರೆ ನಮ್ಮ ಕಡಲ ಗಾಳಿಗೆ ಒಂದು ವಾರದಲ್ಲಿ ಮುಖವೆಲ್ಲ ಕೆಂಪಾಗುತ್ತದೆ, ಆದ್ದರಿಂದ ಬಳಿಯಿರಿ. ಮುಂದಿನ ಸಲ ಒರೆಸಲು ಮರೆಯಬೇಡಿ. ತೆಂಗಿನೆಣ್ಣೆಗಿಂತ ಹೊಲಿಗೆ ಯಂತ್ರದ ಎಣ್ಣೆ ವಾಸಿ, ಅಂಟು ಕಟ್ಟುವುದಿಲ್ಲ.

ಅಂಕೋಲೆಯ ವಕೀಲ:

ಕೌಶಲದ ಚರ್ಚೆಯ ನಡುವೆ ಕಾನೂನಿನ ಮಾತು ತರುವುದಕ್ಕೆ ಕ್ಷಮೆಯಿರಲಿ. ಚಕಮಕಿ ಕೋವಿ ಎಷ್ಟೇ ಹಳೆಯದಾಗಿದ್ದರೂ, ರಿಪೇರಿ ಮಾಡಿಯಾದರೂ ಬಳಸಲು ಬರುವಂತಿದ್ದರೆ, 1959ರ ಶಸ್ತ್ರಾಸ್ತ್ರ ಕಾಯ್ದೆಯ ದೃಷ್ಟಿಯಲ್ಲಿ ಅದು ಬಂದೂಕೇ. ರಿಪೇರಿ ಮಾಡಿದರೂ ಮಾಡದಿದ್ದರೂ ಬಳಸಲಾಗದ ಹಳೆಯ ಮಾದರಿಯ ಆಯುಧಕ್ಕೆ ಮಾತ್ರ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ನಳಿಗೆ ತುಕ್ಕು ತಿಂದಿದೆ ಎಂಬುದು ನೀವೇ ಕೊಟ್ಟುಕೊಳ್ಳುವ ವಿನಾಯಿತಿಯಲ್ಲ. ಆದ್ದರಿಂದ ಲೈಸೆನ್ಸ್ ನವೀಕರಣವನ್ನು ತಪ್ಪಿಸಬೇಡಿ, ಕಿಡಿ ತೋರಿಸುವಾಗ ಲೈಸೆನ್ಸ್‌ದಾರರಾದ ನಿಮ್ಮ ತಂದೆಯವರೇ ಕೋವಿ ಹಿಡಿಯಲಿ.

ಎರಡನೆಯದಾಗಿ, ಬಂದೂಕಿನ ರಿಪೇರಿಗೂ ಅದೇ ಕಾಯ್ದೆಯ 5ನೇ ಕಲಮಿನಡಿ ಪ್ರತ್ಯೇಕ ಲೈಸೆನ್ಸ್ ಬೇಕು. ಮೊಂಡಾದ ಕಲ್ಲನ್ನು ತೆಗೆದು ಚಕ್ಕೆ ಎಬ್ಬಿಸಿ ಮತ್ತೆ ಕೂರಿಸುವುದು ಬಳಸುವವನ ದಿನನಿತ್ಯದ ಕೆಲಸ. ಆದರೆ ಕುದುರೆ, ಸ್ಪ್ರಿಂಗ್, ಉಕ್ಕಿನ ಮುಚ್ಚಳ ಇವುಗಳನ್ನು ಊರಿನ ಕುಲುಮೆಗೆ ಒಯ್ದು ಕಾಯಿಸಿ ಬಡಿಸುವುದು ಬೇರೆ ವಿಷಯ. ಅಂಥದ್ದಕ್ಕೆ ಲೈಸೆನ್ಸ್ ಹೊಂದಿದ ಕೋವಿ ರಿಪೇರಿಯವರ ಬಳಿಗೇ ಹೋಗಬೇಕು.

ಶಿಲಾಪಾಠ, ಕುಮಟಾ:

ಕಲ್ಲಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಭೂವಿಜ್ಞಾನ ಓದಿ ಬಹಳ ವರ್ಷ ಪಾಠ ಹೇಳಿದವನು. ಯುರೋಪಿನವರು ಬಳಸುತ್ತಿದ್ದ ನಿಜವಾದ ಚಕಮಕಿ ಕಲ್ಲು ಸೀಮೆಸುಣ್ಣದ ಶಿಲಾಸ್ತರಗಳ ನಡುವೆ ಗಡ್ಡೆಗಳಾಗಿ ಸಿಗುವಂಥದ್ದು. ಇಂಗ್ಲೆಂಡಿನ ಸಫೋಕ್ ಪ್ರಾಂತದ ಬ್ರಾಂಡನ್ ಎಂಬ ಊರು ಕಪ್ಪು ಕಲ್ಲಿಗೆ ಹೆಸರಾಗಿತ್ತು, ಫ್ರಾನ್ಸಿನದು ಜೇನು ಬಣ್ಣದ ಕಲ್ಲು. ನಮ್ಮ ಜಿಲ್ಲೆಯಲ್ಲಿ ಸೀಮೆಸುಣ್ಣದ ಅಂಥ ಸ್ತರಗಳಿಲ್ಲ. ಕರಾವಳಿಯ ಚಿರೆಕಲ್ಲು ಉಗುರಿಗೂ ಪುಡಿಯಾದೀತು. ಯಾಣದ ಕಪ್ಪು ಶಿಖರಗಳನ್ನು ನೋಡಿದವರಿಗೆ ಅದು ಚಕಮಕಿ ಎನಿಸಬಹುದು, ಆದರೆ ಅದು ಸುಣ್ಣಶಿಲೆ. ಉಕ್ಕನ್ನು ಹೆರೆಯುವ ಗಟ್ಟಿತನ ಅದಕ್ಕಿಲ್ಲ, ಅಲ್ಲಿಂದ ತುಂಡು ಮುರಿದು ತರುವುದಂತೂ ಕೂಡದು.

ಉಳಿದದ್ದು ಹೊಳೆಯಂಚಿನ ಬಿಳಿಯ ಬೆಣಚುಕಲ್ಲು. ಇದರ ಗಟ್ಟಿತನ ಚಕಮಕಿಯಷ್ಟೇ, ಖನಿಜಗಳ ಮಾನದಲ್ಲಿ 7. ಆದರೂ ಕೆಲಸಕ್ಕೆ ಬರುವುದು ಕಡಿಮೆ. ಚಕಮಕಿಯೊಳಗಿನ ಹರಳುಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ್ದರಿಂದ ಒಡೆತ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹರಿಯುತ್ತದೆ. ಬೆಣಚಿನಲ್ಲಿ ಹರಳುಗಳು ದೊಡ್ಡವು, ನಡುವೆ ಹಳೆಯ ಬಿರುಕುಗಳು. ಚಕ್ಕೆ ಎಬ್ಬಿಸಹೋದರೆ ಕಲ್ಲುಸಕ್ಕರೆಯಂತೆ ಉಂಡೆ ಉಂಡೆಯಾಗಿ ಬೀಳುತ್ತದೆ. ನಾಲ್ಕಾರು ಏಟಿಗೆ ಕಿಡಿ ಕೊಟ್ಟು ಅಂಚು ಉದುರಿಹೋಗುತ್ತದೆ.

ಒಂದು ಭ್ರಮೆಯನ್ನೂ ಇಲ್ಲಿಯೇ ಬಿಡಿಸುತ್ತೇನೆ. ಚಿಕ್ಕಂದಿನಲ್ಲಿ ನಾವೆಲ್ಲ ಕತ್ತಲಲ್ಲಿ ಎರಡು ಬೆಣಚುಕಲ್ಲುಗಳನ್ನು ತಿಕ್ಕಿ, ಕಲ್ಲಿನೊಳಗೆ ಬೆಳಕು ಮಿನುಗುವುದನ್ನು ನೋಡಿ, ಸುಟ್ಟ ವಾಸನೆಯನ್ನು ಮೂಸಿದವರೇ. ಅದು ಕಿಡಿಯಲ್ಲ, ಉಜ್ಜಿದಾಗ, ಒಡೆದಾಗ ಹರಳು ತಾನೇ ಹೊರಸೂಸುವ ತಣ್ಣನೆಯ ಬೆಳಕು. ಅದರಿಂದ ಹತ್ತಿಯೂ ಹೊತ್ತುವುದಿಲ್ಲ, ಮದ್ದೂ ಹೊತ್ತುವುದಿಲ್ಲ.

ಘಟ್ಟ ದಾಟಿ ಬಯಲುಸೀಮೆಗೆ ಹೋದರೆ ಬಾಗಲಕೋಟೆಯ ಕಲಾದಗಿ ಶಿಲಾಶ್ರೇಣಿಯಲ್ಲಿ ಚರ್ಟ್ ಮತ್ತು ಜಾಸ್ಪರ್ ಇವೆ. ಎರಡೂ ಚಕಮಕಿಯ ದಾಯಾದಿಗಳು. ನಮ್ಮ ನಾಡಿನ ಶಿಲಾಯುಗದ ಜನ ಇಂಥ ಚರ್ಟಿನಿಂದ ಎಬ್ಬಿಸಿದ ಅಲಗುಗಳು ಮಸ್ಕಿಯಂಥ ನೆಲೆಗಳಲ್ಲಿ ದೊರೆತಿವೆ. ಗುಜರಾತಿನ ಖಂಭಾತದ ಮಣಿಗಾರರು ಅಗೇಟ್ ಕಲ್ಲಿಗೆ ಇಂದಿಗೂ ಚಕ್ಕೆ ಎಬ್ಬಿಸುವ ರೀತಿ ಇನ್ನೂ ಸ್ವಾರಸ್ಯದ್ದು. ಚೂಪು ತುದಿಯ ಕಬ್ಬಿಣದ ಸಲಾಕೆಯನ್ನು ನೆಲದಲ್ಲಿ ಓರೆಯಾಗಿ ಹುಗಿದು, ಕಲ್ಲಿನ ಅಂಚನ್ನು ಆ ತುದಿಗೆ ಆನಿಸಿ, ತೆಳ್ಳನೆಯ ಕೋಲಿಗೆ ಸಿಕ್ಕಿಸಿದ ಎಮ್ಮೆಕೊಂಬಿನ ಸುತ್ತಿಗೆಯಿಂದ ಈ ಕಡೆಯಿಂದ ಹೊಡೆಯುತ್ತಾರೆ. ಚಕ್ಕೆ ಏಳುವುದು ಸಲಾಕೆಯ ಕಡೆಯಲ್ಲಿ. ಅಲ್ಲಿಯೂ ಕೊಂಬು ಏಕೆಂದರೆ, ಕಾಳಿ ದಂಡೆಯವರು ತಾಮ್ರದ ಬಗ್ಗೆ ಹೇಳಿದಂತೆ, ಮೆತ್ತನೆಯ ವಸ್ತು ಅಂಚನ್ನು ಜಜ್ಜುವುದಿಲ್ಲ.

ಶರಾವತಿ ಅಳಿವೆ, ಹೊನ್ನಾವರ:

ನಮ್ಮೂರಿನ ಕೋಟೆಯ ವಿಷಯ ಇದಕ್ಕೆ ಹೊಂದುತ್ತದೆ. 1783ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಮ್ಯಾಥ್ಯೂಸನ ಸೈನ್ಯ ಹೊನ್ನಾವರವನ್ನು ಹಿಡಿದಾಗ ಕಂಪನಿಯ ಸಿಪಾಯಿಗಳ ಹೆಗಲಿನಲ್ಲಿದ್ದದ್ದು ಇಂಥ ಚಕಮಕಿ ಕೋವಿಯೇ. ಅದಕ್ಕೆ ಬೇಕಾದ ಕಲ್ಲುಗಳೂ ಹಡಗಿನಲ್ಲಿ ಬರಬೇಕಿತ್ತು. ಸುಮಾರು 20 ಈಡಿಗೆ ಒಂದು ಕಲ್ಲು ಎಂಬುದು ಆಗಿನ ಇಂಗ್ಲಿಷ್ ಸೈನ್ಯದ ಲೆಕ್ಕ. ಕವಾಯತಿನಲ್ಲಿ ಕಲ್ಲು ವ್ಯರ್ಥವಾಗಬಾರದೆಂದು ಕುದುರೆಯ ಬಾಯಿಗೆ ಮರದ ತುಂಡನ್ನು ಕಚ್ಚಿಸಿ ಅಭ್ಯಾಸ ಮಾಡಿಸುತ್ತಿದ್ದರು. ತೋಟದಂಚಿನವರೂ ಕುದುರೆಯ ಸ್ಪ್ರಿಂಗ್ ಪರೀಕ್ಷಿಸುವಾಗ ಅಡಿಕೆ ದಬ್ಬೆಯ ತುಂಡೊಂದನ್ನು ಕಚ್ಚಿಸಿಕೊಳ್ಳಲಿ. ಬಾಯಲ್ಲಿ ಏನೂ ಇಲ್ಲದೆ ಕುದುರೆಯನ್ನು ಬಿಟ್ಟರೆ ತಡೆಯಿಲ್ಲದೆ ಬಡಿದು ಮುರಿದೀತು.

ಊರಲ್ಲೆಲ್ಲ ಕೇಪಿನ ಕೋವಿಯೇ ಏಕೆ ಉಳಿಯಿತು ಎಂಬುದಕ್ಕೂ ಉತ್ತರ ಇದೇ ಕಲ್ಲಿನಲ್ಲಿದೆ. 1807ರಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಏಟು ಬಿದ್ದೊಡನೆ ಸಿಡಿಯುವ ಮದ್ದಿಗೆ ಪೇಟೆಂಟ್ ಪಡೆದ. ಆ ದಾರಿಯಲ್ಲಿ ಮುಂದೆ ತಾಮ್ರದ ಕೇಪು ಬಂತು. ಕಲ್ಲು ಹುಡುಕುವ, ಚಕ್ಕೆ ಎಬ್ಬಿಸುವ ರಗಳೆಯೇ ತಪ್ಪಿತು. ನಮ್ಮ ಮಳೆಗಾಲದಲ್ಲಿ ತೆರೆದ ಬಟ್ಟಲಿನಲ್ಲಿ ಮದ್ದು ಹಾಕಿಕೊಂಡು ಕಾಡುಹಂದಿಗೆ ಕಾಯುವ ತೋಟಿಗನ ಪಾಡನ್ನು ನೆನೆದರೆ, ಕೇಪು ಗೆದ್ದದ್ದು ಆಶ್ಚರ್ಯವಲ್ಲ.

ಗುಡ್ಡೆಮನೆ, ಯಲ್ಲಾಪುರ:

ಹರಿತದ ಮಾತೇ ಇಷ್ಟು ಉದ್ದವಾಯಿತು, ಕಲ್ಲನ್ನು ಕೂರಿಸುವ ಮಾತು ಬರಲಿಲ್ಲ. ನನ್ನ ಅನುಭವದಲ್ಲಿ ಕಲ್ಲಿಗೆ ಸೀಸದ ತಗಡನ್ನು ಸುತ್ತಿ ಬಿಗಿಯುವುದೇ ಸರಿ. ಸೀಸ ಕಲ್ಲಿನ ಉಬ್ಬು ತಗ್ಗುಗಳಿಗೆ ಒಗ್ಗಿಕೊಳ್ಳುತ್ತದೆ, ಸಡಿಲವಾಗುವುದಿಲ್ಲ. ಕಲ್ಲಿನ ಇಳಿಜಾರು ಮುಖ, ಅಂದರೆ ಅಂಚಿನ ಕಡೆಗೆ ಓರೆಯಾಗಿ ಇಳಿಯುವ ಮೈ, ಮೇಲಕ್ಕಿರಬೇಕು.

ಕಾಳಿ ದಂಡೆ, ಕಾರವಾರ:

ಗುಡ್ಡೆಮನೆಯವರ ಮಾತು ಸೈನಿಕರ ದೊಡ್ಡ ಮಸ್ಕೆಟ್‌ಗಳಿಗೆ ಒಪ್ಪುತ್ತದೆ. ಆ ಕುದುರೆ ದಪ್ಪ, ಸ್ಪ್ರಿಂಗ್ ಬಲವಾದದ್ದು, ಕಲ್ಲು ಒಂದಂಗುಲಕ್ಕಿಂತ ಅಗಲ. ರೈಫಲ್‌ಗಳ, ಅಂದರೆ ನಳಿಗೆಯೊಳಗೆ ತಿರುಚುಗೆರೆ ಇರುವ ಕೋವಿಗಳ ಕುದುರೆ ಸಾಮಾನ್ಯವಾಗಿ ಚಿಕ್ಕದು, ಕಲ್ಲು ಮುಕ್ಕಾಲಂಗುಲದ ಆಸುಪಾಸು. ಅದಕ್ಕೆ ಸೀಸದ ಭಾರ ಕೂಡಿಸಿದರೆ ಕುದುರೆಯ ಕುತ್ತಿಗೆಗೆ ಅಪಾಯ. ತೋಟದಂಚಿನವರ ಕೋವಿ ರೈಫಲ್ ಅಲ್ಲದಿದ್ದರೂ ಹಳೆಯ ಕುದುರೆಯಾದ್ದರಿಂದ ಚರ್ಮವೇ ಕ್ಷೇಮ. ಹಳೆಯ ಚಪ್ಪಲಿಯ ಚರ್ಮವಾದರೂ ಸಾಕು, ರೆಕ್ಸಿನ್ ಮಾತ್ರ ಬೇಡ.

ಇಳಿಜಾರು ಮೇಲಕ್ಕೋ ಕೆಳಕ್ಕೋ ಎಂಬುದು ಗುರಿಕೂಟಗಳಲ್ಲಿ ಜಗಳಕ್ಕೆ ಹಚ್ಚುವ ಪ್ರಶ್ನೆ. ಕೋವಿಯೇ ಅದನ್ನು ತೀರ್ಮಾನಿಸಲಿ. ಅಂಚು ಮುಚ್ಚಳದ ಮುಖಕ್ಕೆ ತಗಲುವ ಜಾಗ ಬುಡದಿಂದ ಮೂರರಲ್ಲಿ ಎರಡು ಪಾಲು ಎತ್ತರದಲ್ಲಿದ್ದು, ಅಲ್ಲಿಂದ ಕೆಳಗಿನವರೆಗೆ ಹೆರೆದುಕೊಂಡು ಬರುವಂತಿರಬೇಕು. ಇಳಿಜಾರನ್ನು ಮೇಲೆ ಕೆಳಗೆ ಮಾಡಿದರೆ ಈ ಎತ್ತರ ಬದಲಾಗುತ್ತದೆ. ಯಾವುದು ಸರಿಯಾದ ಎತ್ತರ ಕೊಡುತ್ತದೋ ಅದನ್ನೇ ಇಟ್ಟುಕೊಳ್ಳಿ. ಕುದುರೆಯನ್ನು ಅರ್ಧ ಏರಿಸಿ ಮುಚ್ಚಳವನ್ನು ಮುಚ್ಚಿದಾಗ ಕಲ್ಲಿನ ಅಂಚು ಉಕ್ಕಿಗೆ ತಗಲದೆ, ಒಂದೆರಡು ಮಿಲಿಮೀಟರ್ ದೂರದಲ್ಲಿ, ಇಡೀ ಅಗಲಕ್ಕೂ ಸಮಾನಾಂತರವಾಗಿ ನಿಂತಿರಬೇಕು. ಒಂದು ಮೂಲೆ ಮುಂದಿದ್ದರೆ ಏಟೆಲ್ಲ ಆ ಮೂಲೆಗೇ ಬಿದ್ದು ಅದು ಹಾರಿಹೋಗುತ್ತದೆ. ಚರ್ಮದ ಮಡಿಕೆಯಲ್ಲಿ, ಕುದುರೆಯ ಬಾಯಿ ಬಿಗಿಯುವ ತಿರುಪಿನ ಎದುರಿಗೆ ಸಣ್ಣ ಕಚ್ಚು ಕತ್ತರಿಸಿದರೆ ಕಲ್ಲಿನ ಬೆನ್ನು ತಿರುಪಿಗೆ ಆನಿಕೊಂಡು ಹಿಂದೆ ಸರಿಯದೆ ನಿಲ್ಲುತ್ತದೆ.

ತೋಟದಂಚು, ಶಿರಸಿ:

ಎರಡು ವಾರಗಳ ವರದಿ ಒಪ್ಪಿಸುತ್ತಿದ್ದೇನೆ, ಹೆಮ್ಮೆಪಡುವಂಥದ್ದು ಹೆಚ್ಚಿಲ್ಲ. ಆನ್‌ಲೈನ್ ಮಾರಾಟಗಾರರೊಬ್ಬರಿಂದ ನಾಲ್ಕು ಕಲ್ಲು ತರಿಸಿದೆ. ಕಪ್ಪು ಇಂಗ್ಲಿಷ್ ಕಲ್ಲು ಎಂದು ಹಣ ಪಡೆದು ಅವರು ಕಳುಹಿಸಿದ್ದರಲ್ಲಿ ಎರಡು ಮಾತ್ರ ಕಪ್ಪಗಿದ್ದವು. ಉಳಿದೆರಡು ಯಂತ್ರದಲ್ಲಿ ಕೊಯ್ದು ಸಾಣೆ ಹಿಡಿದ ಅಗೇಟ್ ತುಂಡುಗಳು, ಕಂಪಾಸಿನಲ್ಲಿ ಅಳೆದಂತೆ ಎಲ್ಲ ಬದಿಯೂ ಸಮ. ಮೆಟ್ಟುಗತ್ತಿಯವರ ವಾದವನ್ನು ಪರೀಕ್ಷಿಸುವ ಅವಕಾಶ ತಾನಾಗಿ ಒದಗಿತು. ಅಗೇಟನ್ನು ಕೂರಿಸಿ ಕುದುರೆ ಬಿಟ್ಟರೆ ಮೂರು ನಾಲ್ಕು ಕೆಂಪು ಕಿಡಿ, ಅಷ್ಟೇ.

ಅಜ್ಜನ ಹಳೆಯ ಕಲ್ಲಿನ ಮೇಲೆ ಚಕ್ಕೆ ಎಬ್ಬಿಸುವುದನ್ನು ಅಭ್ಯಾಸ ಮಾಡಿದೆ. ಮೊದಲ ದಿನ ಕೆಳಕ್ಕೆ ಬಾಗಿಸುವ ಅವಸರದಲ್ಲಿ ಒಳಕ್ಕೆ ಒತ್ತುವುದನ್ನೇ ಮರೆತು ಬರೀ ಪುಡಿ ಮಾಡಿದೆ. ಎರಡನೆಯ ದಿನ ಒಂದು ಚಕ್ಕೆ ಅಂದುಕೊಂಡದ್ದಕ್ಕಿಂತ ಆಳಕ್ಕೆ ಹೋಗಿ ಕಲ್ಲು ಎರಡು ಹೋಳಾಯಿತು. ಅಪ್ಪಯ್ಯ ಏನೂ ಹೇಳಲಿಲ್ಲ, ಹೋಳುಗಳನ್ನು ಎತ್ತಿ ದೇವರ ಗೂಡಿನ ಪಕ್ಕದಲ್ಲಿಟ್ಟರು. ಅದು ಬೈದದ್ದಕ್ಕಿಂತ ಹೆಚ್ಚಾಯಿತು. ಅನಂತರ ಅಗೇಟ್ ತುಂಡುಗಳನ್ನೇ ಕಲಿಕೆಯ ಹಲಗೆ ಮಾಡಿಕೊಂಡೆ. ಈಗ ಒತ್ತುವ ಕೈಗೆ ಚಕ್ಕೆ ಏಳುವ ಕ್ಷಣ ಮೊದಲೇ ತಿಳಿಯುತ್ತದೆ.

ಆದರೆ ಕಪ್ಪು ಕಲ್ಲಿನಲ್ಲಿಯೂ ಕಿಡಿ ಒಂದು ಪಕ್ಕಕ್ಕೆ ಮಾತ್ರ ಬರುತ್ತಿದೆ, ಉಕ್ಕಿನ ಮುಖದ ಎಡಭಾಗದಲ್ಲಿ ಒಂದೇ ಆಳವಾದ ಗೀರು ಬಿದ್ದಿದೆ. ಉಕ್ಕೇ ಮೆತ್ತಗಾಗಿರಬಹುದೇ?

ಕಾಳಿ ದಂಡೆ, ಕಾರವಾರ:

ಗೀರುಗಳನ್ನು ಓದಲು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ. ಮುಖದ ಉದ್ದಕ್ಕೂ ಸಣ್ಣ ಸಣ್ಣ ಗೆರೆಗಳು, ಬಾಚಣಿಗೆ ಎಳೆದಂತೆ, ಅಗಲಕ್ಕೆಲ್ಲ ಹರಡಿದ್ದರೆ ಕಲ್ಲೂ ಸರಿ, ಕೂರಿಸಿದ್ದೂ ಸರಿ. ಒಂದೇ ಕಡೆ ಆಳವಾದ ಗೀರಿದ್ದರೆ ಕಲ್ಲಿನ ಅಂಚಿನಲ್ಲಿ ಅಲ್ಲೊಂದು ಹಲ್ಲು ಮುಂದಕ್ಕೆ ಚಾಚಿದೆ ಎಂದರ್ಥ; ಉಳಿದ ಅಂಚು ಉಕ್ಕನ್ನು ಮುಟ್ಟುತ್ತಲೇ ಇಲ್ಲ. ಆ ಹಲ್ಲನ್ನು ಮಾತ್ರ ಒತ್ತಿ ತೆಗೆಯಿರಿ. ಗೀರುಗಳೇ ಇಲ್ಲದೆ ಮುಖ ಹೊಳೆಯುತ್ತಿದ್ದರೆ ಅಂಚು ಮೊಂಡು. ಇಡೀ ಮುಖ ಹೊಲ ಉತ್ತಂತಾಗಿ, ಆದರೂ ಕಿಡಿ ಮಂಕಾಗಿದ್ದರೆ ಮಾತ್ರ ಉಕ್ಕಿನ ದೋಷ.

ಉಕ್ಕಿನ ಪರೀಕ್ಷೆಗೆ ಮುಚ್ಚಳದ ಮುಖದ ಒಂದು ಮೂಲೆಯಲ್ಲಿ ಸಣ್ಣ ಹೊಸ ಅರವನ್ನು ಮೆಲ್ಲಗೆ ಎಳೆದು ನೋಡಿ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಉಕ್ಕು ಗಟ್ಟಿಯಿದೆ. ಕಚ್ಚಿ ಪುಡಿ ತೆಗೆದರೆ ಮೆತ್ತಗಿದೆ. ಹಳೆಯ ಮುಚ್ಚಳಗಳಲ್ಲಿ ಕೆಲವು ಒಳಗೆಲ್ಲ ಮೆದು ಕಬ್ಬಿಣ, ಮೇಲಿನ ತೆಳು ಚರ್ಮ ಮಾತ್ರ ಗಟ್ಟಿ. ಮೂಳೆ ಮತ್ತು ಚರ್ಮದ ಇದ್ದಿಲಿನ ನಡುವೆ ಹುಗಿದು ಕಾಯಿಸಿ ನೀರಿಗೆ ಹಾಕಿದಾಗ ಬಂದ ಗಟ್ಟಿತನ ಅದು. ಬಹುಕಾಲದ ಬಳಕೆಯಲ್ಲಿ ಆ ಪದರ ಸವೆದು ಹೋಗಿದ್ದರೆ ಎಂಥ ಕಲ್ಲು ತಂದರೂ ಪ್ರಯೋಜನವಿಲ್ಲ, ವಕೀಲರು ಹೇಳಿದ ಲೈಸೆನ್ಸ್‌ದಾರ ರಿಪೇರಿಯವರೇ ಗತಿ. ಕಿಡಿಯ ಬಣ್ಣವನ್ನೂ ನೋಡಿ: ಬಿಳಿ ಹಳದಿಯಾಗಿ ಸಿಡಿದು ಬಟ್ಟಲಿನವರೆಗೆ ಬಿದ್ದರೆ ಒಳ್ಳೆಯದು, ಕೆಂಪಾಗಿ ಹುಟ್ಟಿ ಅಲ್ಲೇ ಆರಿದರೆ ಅದಕ್ಕೆ ಬಲವಿಲ್ಲ.

ಗುರಿಕೂಟಗಳಲ್ಲಿ ಕೆಲವರು ಕಲ್ಲನ್ನು ಬಿಚ್ಚದೆ, ಕುದುರೆಯ ಬಾಯಲ್ಲಿದ್ದಂತೆಯೇ ಹಿತ್ತಾಳೆಯ ಕಡ್ಡಿಯಿಂದ ಅಂಚನ್ನು ತಟ್ಟಿ ಚಕ್ಕೆ ಹಾರಿಸುವುದನ್ನು ನೋಡಿದ್ದೇನೆ. ಬೇಗ ಆಗುವ ಕೆಲಸ, ಆದರೆ ಕೋವಿ ಖಾಲಿಯೆಂದು ಎರಡು ಸಲ ನೋಡದವನಿಗೆ ಅದು ಯಮನ ಬಾಗಿಲು. ನಿಮ್ಮಂಥ ಹಳೆಯ ಕುದುರೆಗೆ ಆ ತಟ್ಟುವಿಕೆಯೂ ಒಳ್ಳೆಯದಲ್ಲ. ಬಿಚ್ಚಿಯೇ ಮಾಡಿ.

ಹಳದೀಪುರದ ದಾದಿ:

ಒಬ್ಬರೂ ಧೂಳಿನ ಮಾತೆತ್ತಲಿಲ್ಲ. ಚಕಮಕಿ, ಬೆಣಚು, ಅಗೇಟ್ ಎಲ್ಲವೂ ಸಿಲಿಕಾ. ಅದರ ನುಣ್ಣನೆಯ ಧೂಳು ಶ್ವಾಸಕೋಶ ಸೇರಿದರೆ ಮತ್ತೆ ಹೊರಗೆ ಬರುವುದಿಲ್ಲ. ಬ್ರಾಂಡನ್ನಿನ ಕಲ್ಲು ಕೆಲಸದವರನ್ನೂ, ಈಗ ನೀವು ಹೊಗಳಿದ ಖಂಭಾತದ ಮಣಿಗಾರರನ್ನೂ ಸಿಲಿಕೋಸಿಸ್ ಎಂಬ, ಈ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಕಾಡಿದೆ. ಡೈಮಂಡ್ ಚಕ್ರಕ್ಕೆ ಒಣಕಲ್ಲನ್ನು ಹಿಡಿಯಿರಿ ಎಂಬ ಸಲಹೆ ಈ ಕಾರಣಕ್ಕೂ ಕೆಟ್ಟದ್ದು. ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ಕುಳಿತು, ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿಕೊಂಡು ಮಾಡಿ. ಚಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಪೊರಕೆ ಹಾಕಬೇಡಿ. ಬರಿಗಾಲಿನ ಮಕ್ಕಳು ಓಡಾಡುವ ಅಂಗಳದಲ್ಲಿ ಒಂದೊಂದು ಚಕ್ಕೆಯೂ ಗಾಜಿನ ಚೂರೇ.

ಮೆಟ್ಟುಗತ್ತಿ, ಸಿದ್ದಾಪುರ:

ನನ್ನ ಸಲಹೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಆದರೂ ಕೇಳುತ್ತೇನೆ, ಅಜ್ಜನಿಗೆ ಕಲ್ಲು ಎಲ್ಲಿಂದ ಸಿಗುತ್ತಿತ್ತು?

ತೋಟದಂಚು, ಶಿರಸಿ:

ಅಪ್ಪಯ್ಯನ ನೆನಪಿನ ಪ್ರಕಾರ ಅಜ್ಜ ವರ್ಷಗಟ್ಟಲೆ ಒಂದೇ ಕಲ್ಲಿನಲ್ಲಿ ಕಳೆದವರು. ವರ್ಷಕ್ಕೆ ಒಂದು ರಾತ್ರಿ, ಒಂದೆರಡು ಏಟು. ಅಷ್ಟಕ್ಕೆ ಎಷ್ಟು ಸವೆದೀತು? ಪೂಜೆಯ ಹಿಂದಿನ ದಿನ ಜಗಲಿಯ ಮೂಲೆಯಲ್ಲಿ ಕುಳಿತು, ಹಳೆಯ ಹಿತ್ತಾಳೆಯ ಬೀಗದ ಕೈಯೊಂದರಿಂದ ಅವರು ಕಲ್ಲಿಗೆ ಏನನ್ನೋ ಒತ್ತುತ್ತಿದ್ದರಂತೆ. ಕಲ್ಲು ಸ್ವಚ್ಛ ಮಾಡುತ್ತಿದ್ದಾರೆ ಎಂದು ಅಪ್ಪಯ್ಯ ಇಷ್ಟು ವರ್ಷ ತಿಳಿದಿದ್ದರು. ಆ ಬೀಗದ ಕೈ ಕೋವಿಯ ಜೊತೆಯೇ ಅಟ್ಟದಲ್ಲಿ ಗಂಟು ಕಟ್ಟಿಟ್ಟ ಬಟ್ಟೆಯಲ್ಲಿತ್ತು, ಯಾವ ಬೀಗದ್ದೆಂದು ನಮಗೆ ಗೊತ್ತಾಗದೆ ಪಕ್ಕಕ್ಕೆ ಇಟ್ಟಿದ್ದೆ. ಇಂದು ತೆಗೆದು ನೋಡಿದರೆ ಅದರ ಹಲ್ಲಿನ ತುದಿಯೆಲ್ಲ ಸಣ್ಣ ಸಣ್ಣ ಕಚ್ಚುಗಳು.

ಎಡಭಾಗದ ಹಲ್ಲನ್ನು ಅದೇ ಬೀಗದ ಕೈಯಿಂದ ತೆಗೆದೆ. ಅರ ಉಕ್ಕಿನ ಮೇಲೆ ಜಾರಿತು, ಆದ್ದರಿಂದ ರಿಪೇರಿಯವರ ಮನೆಗೆ ಹೋಗುವ ಅಗತ್ಯ ಬೀಳಲಿಲ್ಲ. ಸ್ಪಿರಿಟ್ಟಿನಿಂದ ಮುಖ ಒರೆಸಿ, ಅಪ್ಪಯ್ಯ ಕೋವಿಯನ್ನು ಪರೀಕ್ಷಿಸಿ, ನಳಿಗೆ ಖಾಲಿಯೆಂದು ಗಜಕಡ್ಡಿ ಇಳಿಸಿ ಖಚಿತ ಮಾಡಿಕೊಂಡು, ನಿನ್ನೆ ರಾತ್ರಿ ಕೊಟ್ಟಿಗೆಯ ಹಿಂದೆ ಕತ್ತಲಲ್ಲಿ ಒಮ್ಮೆ ಕುದುರೆ ಬಿಟ್ಟರು. ಬಿಳಿಯ ಕಿಡಿಗಳು ಬಟ್ಟಲಿನ ಅಗಲಕ್ಕೂ ಬಿದ್ದವು. ಎರಡನೆಯ ಸಲ ಬಿಡಲು ಅವರು ಒಪ್ಪಲಿಲ್ಲ, ಉಳಿದದ್ದು ನವರಾತ್ರಿಗೆ ಎಂದರು. ಉಕ್ಕಿನ ಮುಖಕ್ಕೆ ಈ ವರ್ಷ ಕುಂಕುಮ ಹಚ್ಚಬಾರದೆಂದು ಮನೆಯಲ್ಲಿ ಈಗಿನಿಂದಲೇ ಹೇಳಿಟ್ಟಿದ್ದೇನೆ. ಹಿಡಿಯ ಮರಕ್ಕೆ ಹಚ್ಚಲಿ.